ಅಜ್ಜನ ಹನ್ನೊಂದು ಪೆಟ್ಟಿಗೆ ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಡಬೇಕೆಂದಿದ್ದೇವೆ. ಕೊಡುವ ಮೊದಲು ಏನು ಕೇಳಬೇಕು?

ಹನ್ನೊಂದುಪೆಟ್ಟಿಗೆ ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಜ್ಜ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಏನನ್ನೂ ಎಸೆಯುವ ಆಸಾಮಿ ಅಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಅಟ್ಟದ ಮೇಲೆ ಹನ್ನೊಂದು ಪೆಟ್ಟಿಗೆ ಹಾಗೇ ಕೂತಿವೆ. ಆರು ಟ್ರಂಕು, ನಾಲ್ಕು ರಟ್ಟಿನ ಡಬ್ಬ, ಒಂದು ತಗಡಿನ ಡಬ್ಬ.

ಒಳಗೆ ಮುಖ್ಯವಾಗಿ ಇರುವುದು ಮಳೆ ಲೆಕ್ಕ. 1951ರಿಂದ 1993ರ ತನಕ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿದ್ದಾರೆ. ವರ್ಷಕ್ಕೊಂದು ನೋಟ್‌ಬುಕ್, ಒಟ್ಟು 43. ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಶುರುವಾಗಿ ಮಧ್ಯದಲ್ಲಿ ಮಿಲಿಮೀಟರಿಗೆ ಬದಲಾಗುತ್ತದೆ. ಪಕ್ಕದಲ್ಲಿ ಏನೇನೋ ಗೀಚಿದ್ದಾರೆ. ಒಂದು ಕಡೆ "ಮಾಪಕದಲ್ಲಿ ಕಪ್ಪೆ. ಇಂದಿನ ಅಳತೆ ನಂಬುವಂತಿಲ್ಲ" ಅಂತಿದೆ. ಎರಡು ಟ್ರಂಕಿನ ತುಂಬ ಕಾಗದಗಳು. ಹಳೇ ವಿದ್ಯಾರ್ಥಿಗಳದು, ಮಕ್ಕಳ ಅಪ್ಪ ಅಮ್ಮಂದಿರದು, ನೆಂಟರದು. ಪತ್ರಿಕೆಯಿಂದ ಕತ್ತರಿಸಿಟ್ಟ ತುಣುಕುಗಳಿಗೆ ಲೆಕ್ಕವೇ ಇಲ್ಲ. ತಗಡಿನ ಡಬ್ಬದಲ್ಲಿ ಫೋಟೋ ನೆಗೆಟಿವ್‌ಗಳು.

ಮಳೆ ಪುಸ್ತಕ ನೋಡಲು ಒಬ್ಬ ಸಂಶೋಧನಾ ವಿದ್ಯಾರ್ಥಿ ಬಂದಿದ್ದರು. ಅವರ ಮೂಲಕ ವಿಷಯ ವಿಶ್ವವಿದ್ಯಾಲಯದ ಲೈಬ್ರರಿ ತಲುಪಿತು. ಅಲ್ಲಿ ವಿಶೇಷ ಸಂಗ್ರಹ ಅಂತ ಒಂದು ವಿಭಾಗ ಇದೆಯಂತೆ. "ಬಂದು ನೋಡುತ್ತೇವೆ, ಹೊಂದಿದರೆ ದಾನಪತ್ರ ಮಾಡಿಕೊಳ್ಳೋಣ" ಅಂತ ಅಲ್ಲಿಂದ ಮೇಲ್ ಬಂದಿದೆ. ಮುಂದಿನ ತಿಂಗಳು ಬರುತ್ತಾರೆ.

ಮನೆಯಲ್ಲಿ ಮೂರು ಪಕ್ಷ. ಚಿಕ್ಕಪ್ಪನ ಪ್ರಕಾರ ಅವರು ತಗೊಂಡು ಹೋಗಿ ಗೋಡೌನಿಗೆ ಹಾಕುತ್ತಾರೆ, ನಮ್ಮ ಅಟ್ಟದ ಬದಲು ಅವರ ಅಟ್ಟ, ಅಷ್ಟೇ. ಅಮ್ಮನಿಗೆ ಕಾಗದಗಳದ್ದೇ ಚಿಂತೆ. ಕಂಡವರ ಮನೆಯ ಜಗಳ ಎಲ್ಲ ಅದರಲ್ಲಿದೆ, ಯಾರ್ಯಾರೋ ಓದುವುದು ಬೇಡ ಅನ್ನುತ್ತಾರೆ. ನನಗೆ ಕೊಡಬೇಕು ಅಂತಲೇ ಇದೆ. ಆದರೆ ಏನು ಕೇಳಬೇಕು, ಯಾವುದಕ್ಕೆ ಸಹಿ ಹಾಕಬಾರದು ಅನ್ನುವುದು ಗೊತ್ತಿಲ್ಲ.

ಅವರು ಬರುವಷ್ಟರಲ್ಲಿ ನೀಟಾಗಿ ಇರಲಿ ಅಂತ ಕಳೆದ ಭಾನುವಾರ ಕೆಲಸ ಶುರು ಹಚ್ಚಿಕೊಂಡೆ. ಒಂದು ಟ್ರಂಕಿನ ಕಾಗದಗಳನ್ನೆಲ್ಲ ಲಕೋಟೆಯಿಂದ ತೆಗೆದು, ತಾರೀಖಿನ ಪ್ರಕಾರ ಜೋಡಿಸಿ, ಪ್ಲಾಸ್ಟಿಕ್ ಫೈಲಿಗೆ ಹಾಕಿದೆ. ಖಾಲಿ ಲಕೋಟೆಗಳನ್ನು ಎಸೆಯಲು ಒಂದು ಚೀಲಕ್ಕೆ ತುಂಬಿಟ್ಟಿದ್ದೇನೆ. ಹರಿದುಹೋದ ಎರಡು ನೋಟ್‌ಬುಕ್ಕಿಗೆ ಸೆಲ್ಲೋಟೇಪ್ ಹಚ್ಚಿದೆ. ತೀರಾ ಹಳೆಯ ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸೋಣ ಅಂತ ವಿಚಾರಿಸಿಯೂ ಬಂದೆ. ಸರಿಯಾಗಿದೆ ಅಲ್ವಾ?

ಇನ್ನೊಂದು. ತಗಡಿನ ಡಬ್ಬ ತೆಗೆದರೆ ಮೂಗಿಗೆ ಹುಳಿ ಹುಳಿ ವಾಸನೆ ಹೊಡೆಯುತ್ತದೆ. ಏನಿರಬಹುದು?


ಹಳೇಕಡತ ಉತ್ತರಿಸಿದ್ದು:

ಮೊದಲು ಒಂದು ಮಾತು. ಆ ಲಕೋಟೆಯ ಚೀಲ ಎಲ್ಲಿದೆ? ಕಸದ ಗಾಡಿ ಬರುವ ಮೊದಲು ಒಳಗೆ ತನ್ನಿ. ಉಳಿದದ್ದು ಆಮೇಲೆ ಓದಿ.

ತಂದಿರಾ? ಸರಿ.

ನಾನು ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ, ಇದೇ ವಿಶೇಷ ಸಂಗ್ರಹದ ವಿಭಾಗದಲ್ಲಿ, 26 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನೀವು ಭಾನುವಾರ ಮಾಡಿದ ಕೆಲಸವನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ. ಗೆದ್ದಲಿಗಿಂತ ಈ ಪ್ರೀತಿಯೇ ಜಾಸ್ತಿ ಹಾಳು ಮಾಡಿದೆ ಅಂತ ನಾವು ಒಳಗೊಳಗೇ ನಗುತ್ತಿದ್ದೆವು.

ಲಕೋಟೆ ಯಾಕೆ ಬೇಕು ಅಂದರೆ, ಎಷ್ಟೋ ಕಾಗದಗಳಲ್ಲಿ ತಾರೀಖೇ ಇರುವುದಿಲ್ಲ. ಮೇಲೆ "ಸೋಮವಾರ" ಅಂತ ಬರೆದು ಮುಗಿಸಿರುತ್ತಾರೆ. ಯಾವ ವರ್ಷದ ಸೋಮವಾರ ಅಂತ ಹೇಳುವುದು ಲಕೋಟೆಯ ಮೇಲಿನ ಅಂಚೆ ಮುದ್ರೆ. ಬರೆದವರು ಎಲ್ಲಿದ್ದರು ಅನ್ನುವುದೂ ಅಲ್ಲೇ. ಮತ್ತೆ ಲಕೋಟೆಯ ಹಿಂಬದಿ ನೋಡಿದ್ದೀರಾ? ನಿಮ್ಮ ಅಜ್ಜನಂಥ ಮನುಷ್ಯ ಅಲ್ಲಿ ಏನೂ ಲೆಕ್ಕ ಹಾಕದೇ ಬಿಟ್ಟಿದ್ದರೆ ನನಗೆ ಆಶ್ಚರ್ಯ.

ಇನ್ನು ಜೋಡಣೆ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನಮ್ಮ ಕಸುಬಿನಲ್ಲಿ ಹಳೆಯದೊಂದು ನಿಯಮ ಇದೆ. ಯಾರ ಕಾಗದವೋ ಅವರ ಕಾಗದದ ಜೊತೆಗೇ ಇರಬೇಕು, ಅವರು ಇಟ್ಟ ಕ್ರಮದಲ್ಲೇ ಇರಬೇಕು. 1898ರಲ್ಲಿ ನೆದರ್‌ಲ್ಯಾಂಡ್ಸಿನ ಮೂವರು, ಮುಲ್ಲರ್, ಫೈತ್ ಮತ್ತು ಫ್ರೌನ್, ಇದನ್ನು ಒಂದು ಕೈಪಿಡಿಯಾಗಿ ಬರೆದರು. ಇವತ್ತಿಗೂ ಎಲ್ಲ ಕಡೆ ಅದೇ ನಡೆಯುತ್ತಿದೆ. ನಿಮಗೆ ಗಲೀಜಾಗಿ ಕಾಣುವ ಕಟ್ಟು ಅಜ್ಜನ ತಲೆಯೊಳಗಿನ ಕಪಾಟು ಇದ್ದ ಹಾಗೆ. 1967ರ ನೋಟ್‌ಬುಕ್ಕಿನ ಜೂನ್ ಪುಟದಲ್ಲಿ ಒಂದು ಕಾಗದ ಸಿಕ್ಕಿದರೆ, ಆ ಕಾಗದಕ್ಕೂ ಆ ಜೂನಿಗೂ ಏನೋ ನಂಟು ಇರಬೇಕು. ಅದನ್ನು ತೆಗೆದು "ಕಾಗದಗಳು" ಅನ್ನುವ ಫೈಲಿಗೆ ಹಾಕಿದ ಕ್ಷಣ ನಂಟು ಹೋಯಿತು. ಯಾರಿಗೂ ಇನ್ನು ಅದು ಸಿಗುವುದಿಲ್ಲ.

ಬಿಚ್ಚಿದ ಟ್ರಂಕಿನ ಬಗ್ಗೆ ನೆನಪಿರುವುದನ್ನೆಲ್ಲ ಇವತ್ತೇ ಬರೆದಿಡಿ. ಯಾವುದು ಮೇಲಿತ್ತು, ಯಾವುದನ್ನು ದಾರದಲ್ಲಿ ಕಟ್ಟಿದ್ದರು, ಯಾವ ಕಟ್ಟಿನ ಮೇಲೆ ಚೀಟಿ ಇತ್ತು. ಉಳಿದ ಹತ್ತನ್ನು ಮುಚ್ಚಳ ತೆಗೆದು ಫೋನಿನಲ್ಲಿ ಫೋಟೋ ಹೊಡೆದು ಹಾಗೇ ಮುಚ್ಚಿ.

ಸೆಲ್ಲೋಟೇಪ್ ಹಚ್ಚಿದ್ದು ಹಚ್ಚಾಯಿತು, ಕೀಳಲು ಹೋಗಬೇಡಿ. ಟೇಪಿನ ಜೊತೆ ಅಕ್ಷರವೂ ಏಳುತ್ತದೆ. ಬಂದವರಿಗೆ ತೋರಿಸಿ, ಅವರ ಹತ್ತಿರ ತೆಗೆಯುವವರು ಇರುತ್ತಾರೆ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ನೋವಾಗದಂತೆ ಬಿಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಆ ಪ್ಲಾಸ್ಟಿಕ್ ಫೈಲುಗಳ ವಾಸನೆ ನೋಡಿ. ಹೊಸ ರೇನ್‌ಕೋಟಿನ ವಾಸನೆ ಇದ್ದರೆ ಅದು ಪಿವಿಸಿ. ಶಾಯಿಯನ್ನು ಎಳೆದು ಅಂಟಿಸಿಕೊಳ್ಳುತ್ತದೆ. ಕಾಗದಗಳನ್ನು ತೆಗೆದು ಆಯಾ ಲಕೋಟೆಯ ಜೊತೆ ಇಡಿ, ಒಳಗೆ ತುರುಕುವುದು ಬೇಡ.

ಪತ್ರಿಕೆಯ ತುಣುಕುಗಳು ಮರದ ತಿರುಳಿನ ಅಗ್ಗದ ಕಾಗದ. ಮರದಲ್ಲಿರುವ ಲಿಗ್ನಿನ್ ಅದರಲ್ಲೇ ಉಳಿದಿರುತ್ತದೆ, ಅದಕ್ಕೇ ಹಳದಿಯಾಗಿ ಪುಡಿಯಾಗುತ್ತದೆ. ಆ ಕಾಗದದಲ್ಲಿ ಹುಟ್ಟುವ ಆಮ್ಲ ಪಕ್ಕದ ಹಾಳೆಗೂ ದಾಟುತ್ತದೆ. ಒಳ್ಳೆ ಕಾಗದದ ಮೇಲೆ ಚೌಕಾಕಾರದ ಕಂದು ನೆರಳು ಬಿದ್ದಿದ್ದರೆ ಅಲ್ಲಿ ಒಂದು ತುಣುಕು ವರ್ಷಗಟ್ಟಲೆ ಮಲಗಿತ್ತು ಅಂತ ತಿಳಿಯಿರಿ. ತುಣುಕನ್ನು ಜಾಗ ಬದಲಿಸಬೇಡಿ. ಆಚೆ ಈಚೆ ಒಂದೊಂದು ಬಿಳಿ ಹಾಳೆ ಇಡಿ, ಸಾಕು.

ಈಗ ಹುಳಿ ವಾಸನೆ. ಅದು ವಿನೆಗರ್ ವಾಸನೆ, ನಿಜವಾಗಿಯೂ ವಿನೆಗರೇ. ನೆಗೆಟಿವ್‌ಗಳು ಅಸಿಟೇಟ್ ಫಿಲ್ಮಿನವು ಇರಬೇಕು. ಹಳತಾದಾಗ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಉಳಿದದ್ದನ್ನು ಇನ್ನೂ ಬೇಗ ಒಡೆಯುತ್ತದೆ. ತಗಡಿನ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಕೇಳುವುದೇ ಬೇಡ, ತನ್ನ ಹೊಗೆಯಲ್ಲಿ ತಾನೇ ಬೇಯುತ್ತದೆ. ಮುಚ್ಚಳ ಸ್ವಲ್ಪ ಸಡಿಲ ಮಾಡಿ, ಉಳಿದ ಪೆಟ್ಟಿಗೆಗಳಿಂದ ದೂರ, ತಣ್ಣಗೆ ಗಾಳಿಯಾಡುವ ಕಡೆ ಇಡಿ. ಫಿಲ್ಮಿನ ಅಂಚಿನಲ್ಲಿ "ಸೇಫ್ಟಿ" ಅಂತ ಸಣ್ಣ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಇದ್ದರೆ ಸಮಾಧಾನ. "ನೈಟ್ರೇಟ್" ಅಂತ ಇದ್ದರೆ, ಅಥವಾ ಏನೂ ಇಲ್ಲದೆ ಫಿಲ್ಮು ಅಂಟಂಟಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಬೇಡಿ. ಅದು ಸುಲಭವಾಗಿ ಬೆಂಕಿ ಹಿಡಿಯುವ ಜಾತಿ, 1950ರ ದಶಕದ ಶುರುವಿನ ತನಕ ಬಳಕೆಯಲ್ಲಿತ್ತು. ಯಾವುದೇ ಇರಲಿ, ಈ ಡಬ್ಬದ ವಿಷಯ ಲೈಬ್ರರಿಗೆ ಇವತ್ತೇ ಮೇಲ್ ಮಾಡಿ. ಒಂದು ತಿಂಗಳು ಕಾಯಬೇಡಿ.

ಕೈಗವಸು ಹಾಕಿಕೊಂಡು ಕಾಗದ ಮುಟ್ಟಬೇಕಾ ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಬೇಡ. ಸಿನಿಮಾದಲ್ಲಿ ಚಂದ. ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುವುದೇ ಜಾಸ್ತಿ. ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಆಯಿತು. ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ಗವಸು.


ಒಮ್ಮೆಕೊಟ್ಟವನು ಉತ್ತರಿಸಿದ್ದು:

ಹಳೇಕಡತ ಸರ್ ಹೇಳಿದ್ದೆಲ್ಲ ಸರಿ. ನಾನು ಇನ್ನೊಂದು ಮಗ್ಗುಲು ಹೇಳುತ್ತೇನೆ. ನಿಮ್ಮ ಚಿಕ್ಕಪ್ಪ ಸುಮ್ನೆ ಹೇಳುತ್ತಿಲ್ಲ.

ನಮ್ಮ ತಂದೆಯ 600 ಪುಸ್ತಕ, ಮೂರು ಚೀಲ ಕಾಗದಪತ್ರ ಒಂದು ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಟ್ಟೆವು. ಯಾವುದು ಅಂತ ಹೇಳುವುದಿಲ್ಲ. ಫೋಟೋ, ಭಾಷಣ, ಚಪ್ಪಾಳೆ ಎಲ್ಲ ಆಯಿತು. ಏಳು ವರ್ಷದ ನಂತರ ಮಗಳನ್ನು ಕರಕೊಂಡು ಹೋದೆ, ತಾತನ ಅಕ್ಷರ ತೋರಿಸೋಣ ಅಂತ. ಕ್ಯಾಟಲಾಗಿನಲ್ಲಿ ತಂದೆಯ ಹೆಸರು ಹೊಡೆದರೆ ಏನೂ ಬರಲಿಲ್ಲ. ಕೌಂಟರಿನಲ್ಲಿದ್ದ ಹುಡುಗ ಪಾಪ ಒಳ್ಳೆಯವನು, ಒಂದು ಗಂಟೆ ಹುಡುಕಿದ. ಕೊನೆಗೆ ಚೀಲಗಳು ಸಿಕ್ಕಿದ್ದು ಮೆಟ್ಟಿಲ ಕೆಳಗೆ. ನಾನೇ ಕಟ್ಟಿದ್ದ ನೀಲಿ ನೈಲಾನ್ ಹಗ್ಗ, ನಾನೇ ಹಾಕಿದ ಗಂಟು. ಯಾರೂ ಬಿಚ್ಚಿರಲಿಲ್ಲ. ಪುಸ್ತಕಗಳಲ್ಲಿ ಅರ್ಧದಷ್ಟು ಹಳೇ ಪುಸ್ತಕ ಮಾರಾಟಕ್ಕೆ ಹೋಗಿದ್ದವು. ದಾನಪತ್ರ ತೆಗೆದು ತೋರಿಸಿದರು. "ಗ್ರಂಥಾಲಯಕ್ಕೆ ಸೂಕ್ತ ಕಂಡಂತೆ ವಿಲೇವಾರಿ" ಅಂತ ಒಂದು ಸಾಲು ಇತ್ತು. ಕೆಳಗೆ ನನ್ನದೇ ಸಹಿ.

ದೊಡ್ಡ ಮನೆಗಳಲ್ಲೂ ಹೀಗಾಗುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಡಾರ್ವಿನ್ ಬರೆದ ಎರಡು ಪುಟ್ಟ ನೋಟ್‌ಬುಕ್ ಇದ್ದವು. ಒಂದರಲ್ಲಿ 1837ರಲ್ಲಿ ಗೀಚಿದ ಜೀವವೃಕ್ಷದ ಚಿತ್ರ. 2000ದಲ್ಲಿ ಫೋಟೋ ತೆಗೆಯಲು ಭದ್ರ ಕೋಣೆಯಿಂದ ಹೊರಗೆ ತಂದರು. 2001ರ ಜನವರಿಯಲ್ಲಿ ನೋಡಿದರೆ ಜಾಗದಲ್ಲಿಲ್ಲ. ತಪ್ಪು ಕಪಾಟಿಗೆ ಹೋಗಿರಬೇಕು ಅಂದುಕೊಂಡು ವರ್ಷಗಟ್ಟಲೆ ಹುಡುಕಿದರು. ಕಳ್ಳತನ ಅಂತ ಪೊಲೀಸರಿಗೆ ಹೇಳಿದ್ದು 2020ರಲ್ಲಿ! 2022ರ ಮಾರ್ಚ್ 9ರಂದು ಯಾರೋ ಗುಲಾಬಿ ಬಣ್ಣದ ಗಿಫ್ಟ್ ಚೀಲದಲ್ಲಿ ಹಾಕಿ ಲೈಬ್ರರಿಯನ್ ಕೋಣೆಯ ಹೊರಗೆ ಇಟ್ಟುಹೋದರು. ಜೊತೆಗಿದ್ದ ಲಕೋಟೆಯ ಮೇಲೆ ಲೈಬ್ರರಿಯನ್ನರಿಗೆ ಈಸ್ಟರ್ ಶುಭಾಶಯ ಬೇರೆ. ಡಾರ್ವಿನ್ ಗತಿಯೇ ಹೀಗಾದರೆ ನಿಮ್ಮ ಅಜ್ಜ, ನನ್ನ ಅಪ್ಪ ಯಾವ ಲೆಕ್ಕ?

ಕೊಡಬೇಡಿ ಅಂತ ಹೇಳುತ್ತಿಲ್ಲ. ಓದದೇ ಸಹಿ ಹಾಕಬೇಡಿ.


ಅಂಚಿನಟಿಪ್ಪಣಿ ಉತ್ತರಿಸಿದ್ದು:

ಮೇಲಿನವರ ಸಿಟ್ಟು ನ್ಯಾಯವೇ. ಆದರೆ ಡಾರ್ವಿನ್ ಕಥೆಯನ್ನು ನಾನು ಬೇರೆ ಥರ ಓದುತ್ತೇನೆ. ನೋಟ್‌ಬುಕ್ ಇಲ್ಲ ಅಂತ ಗೊತ್ತಾದದ್ದೇ ಅದು ಪಟ್ಟಿಯಲ್ಲಿ ಇದ್ದದ್ದಕ್ಕೆ. ಪುಟಗಳ ಫೋಟೋ ಇದ್ದದ್ದರಿಂದ ಒಳಗಿನ ಬರಹ ಕಳೆಯಲಿಲ್ಲ. ಹಾಗಾಗಿ ಲೈಬ್ರರಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಭದ್ರವಾಗಿ ಇಡುತ್ತೀರಾ" ಅಲ್ಲ. ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. "ಪಟ್ಟಿ ಯಾವಾಗ ಮಾಡುತ್ತೀರಿ, ಆನ್‌ಲೈನಿನಲ್ಲಿ ಯಾವಾಗ ಕಾಣುತ್ತದೆ" ಅಂತ ಕೇಳಿ.

ನಾನು ಹವಾಮಾನದ ಇತಿಹಾಸ ಓದುವವಳು. ನಿಮ್ಮ 43 ನೋಟ್‌ಬುಕ್ ಅಂದ ಕೂಡಲೇ ಕುರ್ಚಿಯಿಂದ ಎದ್ದೆ. ಯಾರು ನೋಡುತ್ತಾರೆ ಇದನ್ನೆಲ್ಲ ಅಂತ ಚಿಕ್ಕಪ್ಪ ಕೇಳಿದರೆ ಇದನ್ನು ಹೇಳಿ. 2020ರ ಮಾರ್ಚ್ ಕೊನೆಗೆ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು "ರೇನ್‌ಫಾಲ್ ರೆಸ್ಕ್ಯೂ" ಅಂತ ಒಂದು ಕೆಲಸ ಶುರು ಮಾಡಿದರು. ಅಲ್ಲಿನ ಹವಾಮಾನ ಇಲಾಖೆಯ ದಾಸ್ತಾನಿನಲ್ಲಿದ್ದ 65,000ದಷ್ಟು ಹಳೇ ಮಳೆ ಹಾಳೆಗಳನ್ನು ಸ್ಕ್ಯಾನ್ ಮಾಡಿದ್ದರು. 1677ರಿಂದ 1960ರವರೆಗಿನವು. ಕೈಬರಹ ಆದ್ದರಿಂದ ಕಂಪ್ಯೂಟರಿಗೆ ಓದಲು ಆಗುತ್ತಿರಲಿಲ್ಲ. ಜನ ಓದಿ ಟೈಪ್ ಮಾಡಿಕೊಡಿ ಅಂದರು. 16,000 ಜನ ಸೇರಿ 16 ದಿನದಲ್ಲಿ 50 ಲಕ್ಷಕ್ಕೂ ಹೆಚ್ಚು ಅಂಕಿ ಮುಗಿಸಿದರು. ಅದರಲ್ಲಿ ಎಷ್ಟೋ ಅಳತೆಗಳು ನಿಮ್ಮ ಅಜ್ಜನಂತೆ ಹಿತ್ತಲಲ್ಲಿ ಮಾಪಕ ಇಟ್ಟುಕೊಂಡ ಸಾಮಾನ್ಯರದ್ದೇ. ಮೇಷ್ಟ್ರು, ಪಾದ್ರಿ, ತೋಟದವರು.

ಅಂದ ಹಾಗೆ ಆ ಕಪ್ಪೆಯ ಸಾಲು ನಮ್ಮಂಥವರಿಗೆ ಬಂಗಾರ. ಅಂಕಿಯನ್ನು ನಂಬಬೇಕಾ ಬೇಡವಾ ಅಂತ ಹೇಳುವುದು ಇಂಥ ಸಾಲುಗಳೇ. ಮಾಪಕವನ್ನು ಯಾವಾಗ ಬೇರೆ ಜಾಗಕ್ಕೆ ಇಟ್ಟರು, ಪಕ್ಕದ ಮರ ಯಾವಾಗ ಬೆಳೆದು ಅಡ್ಡ ಬಂತು, ಅಜ್ಜ ಇಲ್ಲದ ವಾರ ಯಾರು ಅಳೆದರು. ಅಂಕಿ ಮಾತ್ರ ಬೇರೆ ಹಾಳೆಗೆ ನಕಲು ಮಾಡಿ ನೋಟ್‌ಬುಕ್ ಎಸೆದವರನ್ನು ನೋಡಿದ್ದೇನೆ. ಅಳು ಬರುತ್ತದೆ.

ಎಷ್ಟೋ ವರ್ಷ ಯಾರೂ ಮುಟ್ಟದ ಕಟ್ಟು ಒಂದು ದಿನ ಏನಾಗಬಹುದು ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಯೋಲೆ ಕಟ್ಟು ತಂದುಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಶಾಮಾಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದರು. 1909ರಲ್ಲಿ ಅಚ್ಚು ಹಾಕಿಸಿದರು. ಹೆಸರು ಮಾತ್ರ ಕೇಳಿ ಗೊತ್ತಿದ್ದ ಪುಸ್ತಕ, ಪೂರ್ತಿ ಕೈಗೆ ಸಿಕ್ಕಿತು. ಕೊಟ್ಟವರೂ ಬೇಕು, ಬಿಚ್ಚಿ ಓದುವವರೂ ಬೇಕು.

ಬೇಕಾದರೆ ಕೊಡುವ ಮೊದಲು ಒಮ್ಮೆ ಆ ಲೈಬ್ರರಿಯ ಓದುಕೋಣೆಗೆ ಓದುಗರಾಗಿ ಹೋಗಿ ಬನ್ನಿ. ಯಾವುದಾದರೂ ಹಳೇ ಸಂಗ್ರಹ ಕೇಳಿ. ಚೀಲ ಹೊರಗೆ ಇಡಿಸಿ, ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟು, ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತಂದು, ಪುಸ್ತಕದ ಕೆಳಗೆ ಸ್ಪಂಜಿನ ಒರಗು ಇಟ್ಟರೆ ಒಳ್ಳೆ ಜಾಗ ಅಂತ ಅರ್ಥ. ಕೇಳಿದ ಕೂಡಲೇ ಕಟ್ಟು ತಂದು ಮೇಜಿನ ಮೇಲೆ ದಪ್ ಅಂತ ಹಾಕಿದರೆ ವಾಪಸ್ ಬನ್ನಿ.


ಹನ್ನೊಂದುಪೆಟ್ಟಿಗೆ ಮತ್ತೆ ಬರೆದಿದ್ದು:

ಲಕೋಟೆಯ ಚೀಲ ಗೇಟಿನ ಹತ್ತಿರ ಹೋಗಿತ್ತು. ಓಡಿಹೋಗಿ ತಂದೆ.

ಹಳೇಕಡತ ಸರ್, ಹಿಂಬದಿ ನೋಡಿದೆ. ಒಂದೊಂದರಲ್ಲೂ ಪೆನ್ಸಿಲ್ಲಿನಲ್ಲಿ ಕೂಡುವ ಲೆಕ್ಕ. ತಿಂಗಳ ಮಳೆಯನ್ನು ಮೊದಲು ಲಕೋಟೆಯ ಮೇಲೆ ಕೂಡಿ, ಆಮೇಲೆ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು ಅನ್ನಿಸುತ್ತದೆ. ಎರಡು ಕಡೆ ಲಕೋಟೆಯ ಮೊತ್ತಕ್ಕೂ ನೋಟ್‌ಬುಕ್ಕಿನ ಮೊತ್ತಕ್ಕೂ ತಾಳೆ ಆಗುತ್ತಿಲ್ಲ. ನಾನು ಕೂಡಿ ನೋಡಿದೆ, ಲಕೋಟೆಯದ್ದೇ ಸರಿ. ಮುದ್ರೆಗಳನ್ನು ನೋಡಿಕೊಂಡು ಕಾಗದಕ್ಕೆ ಲಕೋಟೆ ಜೋಡಿಸಲು ಮೂರು ಸಂಜೆ ಹಿಡಿಯಿತು. ಹನ್ನೆರಡು ಲಕೋಟೆಗಳಿಗೆ ಕಾಗದ ಸಿಗಲೇ ಇಲ್ಲ.

ಫಿಲ್ಮಿನ ಅಂಚಿನಲ್ಲಿ "ಸೇಫ್ಟಿ" ಇದೆ. ಲೈಬ್ರರಿಗೆ ಮೇಲ್ ಮಾಡಿದೆ, ಆ ಡಬ್ಬವನ್ನು ಮೊದಲೇ ಬಂದು ಒಯ್ಯುತ್ತೇವೆ ಅಂದರು. ದಾನಪತ್ರದ ಕರಡೂ ಕಳಿಸಿದ್ದಾರೆ. ಅದರಲ್ಲಿ ಏನು ನೋಡಲಿ? ಅಮ್ಮನ ಕಾಗದದ ಚಿಂತೆಗೆ ಏನಾದರೂ ದಾರಿ ಇದೆಯಾ?


ಹಳೇಕಡತ ಉತ್ತರಿಸಿದ್ದು:

ಹನ್ನೆರಡು ಖಾಲಿ ಲಕೋಟೆಗಳನ್ನೂ ಸೇರಿಸಿಯೇ ಕೊಡಿ.

ಅಮ್ಮನ ಮಾತು ಸರಿ, ಅದಕ್ಕೆ ದಾರಿಯೂ ಇದೆ. ದಾನಪತ್ರದಲ್ಲಿ ಇಂತಿಂಥ ಕಟ್ಟನ್ನು ಇಷ್ಟು ವರ್ಷ ತೆರೆಯಬಾರದು ಅಂತ ಬರೆಸಬಹುದು. ಲೈಬ್ರರಿಗೆ ಇದು ಹೊಸದೇನಲ್ಲ. ಆದರೆ "ಎಂದೆಂದಿಗೂ ಬೇಡ" ಅಂದರೆ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಯಾರೂ ಎಂದೂ ಓದದ ಕಾಗದಕ್ಕೆ ಯಾಕೆ ಜಾಗ ಕೊಡಬೇಕು, ಅಲ್ವಾ? ಯಾವ ವರ್ಷದ ತನಕ ಅಂತ ನಮೂದಿಸಿ. ಮಕ್ಕಳ ಅಂಕ, ಕಾಯಿಲೆ, ಮನೆಯ ಜಗಳ ಇರುವ ಕಾಗದಗಳಿಗೆ ಇದು ಬೇಕೇ ಬೇಕು. ಮಳೆ ಪುಸ್ತಕಕ್ಕೆ ಏನೂ ತಡೆ ಹಾಕಬೇಡಿ. ಎಲ್ಲಕ್ಕೂ ಒಟ್ಟಿಗೆ ಬೀಗ ಜಡಿಯುವ ಮನೆಯವರೇ ಜಾಸ್ತಿ, ಹಾಗೆ ಮಾಡಿದರೆ ಸಂಶೋಧಕರು ಆ ಕಡೆ ತಲೆ ಹಾಕುವುದಿಲ್ಲ.

ಕರಡಿನಲ್ಲಿ ಮೊದಲು ಹುಡುಕಬೇಕಾದ್ದು, ಅವರಿಗೆ ಬೇಡವಾದ್ದನ್ನು ಏನು ಮಾಡುತ್ತಾರೆ ಅನ್ನುವ ಸಾಲು. ಮೇಲಿನವರು ಎಡವಿದ್ದು ಅಲ್ಲೇ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರಿಗೂ ಆಗದು. ಅಚ್ಚಾದ ಪಠ್ಯಪುಸ್ತಕ, ಎರಡನೇ ಪ್ರತಿ, ಬೇರೆ ಕಡೆಯೂ ಸಿಗುವ ಪತ್ರಿಕೆ, ಇವನ್ನು ಬಿಡುತ್ತಾರೆ. ಬಿಡಲಿ. ಆದರೆ "ಬೇಡವಾದ್ದನ್ನು ಮೊದಲು ಮನೆಯವರಿಗೆ ವಾಪಸ್ ಕೇಳಬೇಕು" ಅಂತ ಬರೆಸಿ. ಒಂದೇ ಸಾಲು. ಹಾಕಿಕೊಡುತ್ತಾರೆ.

ಆಮೇಲೆ ಹಕ್ಕು. ಅಜ್ಜ ಬರೆದದ್ದರ ಕೃತಿಸ್ವಾಮ್ಯ ವಾರಸುದಾರರಾದ ನಿಮ್ಮ ಮನೆಯವರದ್ದು. ಅಜ್ಜನಿಗೆ ಬಂದ ಕಾಗದಗಳ ಕೃತಿಸ್ವಾಮ್ಯ ಬರೆದವರದ್ದು ಅಥವಾ ಅವರ ಮಕ್ಕಳದ್ದು. ಕಾಗದ ನಿಮ್ಮ ಟ್ರಂಕಿನಲ್ಲಿದ್ದರೂ ಅದರೊಳಗಿನ ಮಾತು ನಿಮ್ಮದಲ್ಲ, ಹಾಗಾಗಿ ಅದರ ಹಕ್ಕನ್ನು ಬರೆದುಕೊಡಲೂ ನಿಮಗೆ ಬರುವುದಿಲ್ಲ. ಕರಡಿನಲ್ಲಿ "ಎಲ್ಲ ಹಕ್ಕುಗಳನ್ನೂ" ಅಂತಿದ್ದರೆ "ನಮಗಿರುವ ಹಕ್ಕುಗಳನ್ನು" ಅಂತ ತಿದ್ದಿಸಿ. ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಹಾಕಲು ಒಪ್ಪಿಗೆ ಇದೆಯಾ ಅನ್ನುವುದು ಬೇರೆಯೇ ಸಾಲಾಗಿರಲಿ. ಮನೆಗೆ ಒಂದು ಪ್ರತಿ ಕೊಡಬೇಕು ಅನ್ನುವುದನ್ನೂ ಈಗಲೇ ಸೇರಿಸಿ. ಆಮೇಲೆ ಕೇಳಿದರೆ ಕೊಡುತ್ತಾರೆ, ಆದರೆ ಸರದಿಯಲ್ಲಿ ನಿಲ್ಲಬೇಕು.

ಸಹಿ ಯಾರದ್ದು? ನಿಮ್ಮೊಬ್ಬರದ್ದು ಸಾಲದು. ಅಜ್ಜನ ಮಕ್ಕಳೆಲ್ಲ ಹಾಕಬೇಕು. ಚಿಕ್ಕಪ್ಪನನ್ನು ಒಪ್ಪಿಸದೇ ಗಾಡಿ ಕರೆಸಬೇಡಿ.

ಒಂದು ಎಚ್ಚರಿಕೆ. ಕೊಟ್ಟ ಮಾರನೇ ದಿನ ಯಾರಿಗೂ ನೋಡಲು ಸಿಗುವುದಿಲ್ಲ. ಪೆಟ್ಟಿಗೆಗಳನ್ನು ಮೊದಲು ಬೇರೆ ಕೋಣೆಯಲ್ಲಿ ಇಡುತ್ತಾರೆ. ಹುಳ ಕಂಡರೆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಒಂದೆರಡು ವಾರ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಟ್ಟು ಸಾಯಿಸುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಇದನ್ನು ಮಾಡಬೇಡಿ, ಮಾಡಿದವರಿದ್ದಾರೆ. ಆಮೇಲೆ ಪಿನ್ನು ತೆಗೆಯುವುದು, ಆಮ್ಲವಿಲ್ಲದ ಡಬ್ಬಕ್ಕೆ ಹಾಕುವುದು, ಪಟ್ಟಿ ಬರೆಯುವುದು. ನಾನಿದ್ದಾಗ ಈ ಕೆಲಸಕ್ಕೆ ಕಾದು ನಿಂತ ಪೆಟ್ಟಿಗೆಗಳ ಸಾಲು ನಮ್ಮಲ್ಲಿ ಎಂದೂ ಖಾಲಿ ಆಗಲಿಲ್ಲ. ಮೆಟ್ಟಿಲ ಕೆಳಗಿನ ಚೀಲದ ಕಥೆ ಓದಿ ನನಗೇ ನಾಚಿಕೆಯಾಯಿತು, ನಮ್ಮಲ್ಲೂ ಅಂಥ ಒಂದು ಮೂಲೆ ಇತ್ತು. ಹತ್ತು ಸಾಲಿನ ಒಂದು ಚುಟುಕು ವಿವರಣೆಯನ್ನಾದರೂ ಆರು ತಿಂಗಳೊಳಗೆ ಕ್ಯಾಟಲಾಗಿಗೆ ಹಾಕಿ ಅಂತ ಕೇಳಿ. ವಿವರವಾದ ಪಟ್ಟಿ ಆಮೇಲೆ ಬರಲಿ. ಕೆಲಸ ಬೇಗ ಆಗಬೇಕೆಂದರೆ ಫೋಟೋಗಳಲ್ಲಿ ಇರುವವರು ಯಾರು ಅಂತ ನಿಮ್ಮ ಅಮ್ಮನ ಹತ್ತಿರ ಈಗಲೇ ಕೇಳಿ ಬರೆದುಕೊಡಿ. ಅದನ್ನು ಲೈಬ್ರರಿಯಲ್ಲಿ ಯಾರಿಗೂ ಕಂಡುಹಿಡಿಯಲು ಆಗುವುದಿಲ್ಲ.


ಹನ್ನೊಂದುಪೆಟ್ಟಿಗೆ ಐದು ವಾರದ ನಂತರ ಬರೆದಿದ್ದು:

ಮೊನ್ನೆ ಲೈಬ್ರರಿಯಿಂದ ಇಬ್ಬರು ಬಂದಿದ್ದರು. ತಗಡಿನ ಡಬ್ಬ ಅದಕ್ಕೂ ಮೊದಲೇ ಹೋಗಿತ್ತು.

ಒಬ್ಬರು ಟೇಪು ಹಿಡಿದು ಅಳೆದರು. ಕಾಗದ ಎಷ್ಟಿದೆ ಅಂತ ಅವರು ಎಣಿಸುವುದಿಲ್ಲವಂತೆ, ಕಪಾಟಿನಲ್ಲಿ ಎಷ್ಟು ಉದ್ದ ಜಾಗ ಬೇಕು ಅಂತ ನೋಡುತ್ತಾರೆ. ಅಜ್ಜನ ಇಡೀ ಬದುಕು ಮೂರು ಮೀಟರ್ 20 ಸೆಂಟಿಮೀಟರ್. ಅಜ್ಜನಿಗೆ ಈ ಅಳತೆ ಇಷ್ಟವಾಗುತ್ತಿತ್ತು.

ಇನ್ನೊಬ್ಬರು ಚಿಕ್ಕ ವಯಸ್ಸಿನ ಹುಡುಗಿ. ನೆಲದ ಮೇಲೆ ಕೂತು ನೋಟ್‌ಬುಕ್ ತಿರುವುತ್ತಾ ಕಪ್ಪೆಯ ಪುಟಕ್ಕೆ ಬಂದು ಜೋರಾಗಿ ನಕ್ಕಳು. ಆಮೇಲೆ ಪುಟದ ತಾರೀಖನ್ನು ತನ್ನ ಚೀಟಿಯಲ್ಲಿ ಬರೆದುಕೊಂಡಳು. ಪ್ರದರ್ಶನಕ್ಕೆ ಇಡುತ್ತೀರಾ ಅಂತ ಆಸೆಯಿಂದ ಕೇಳಿದೆ. ಇಡಬಹುದು, ಆದರೆ 50 ಲಕ್ಸ್ ಬೆಳಕಿನಲ್ಲಿ, ಕೆಲವೇ ತಿಂಗಳು, ಆಮೇಲೆ ಪುಟ ತಿರುವಬೇಕು ಅಂದಳು. 50 ಲಕ್ಸ್ ಅಂದರೆ ಎಷ್ಟು ಅಂತ ಕೇಳಿದ್ದಕ್ಕೆ ಕಿಟಕಿಯ ಪರದೆ ಎಳೆದು ಒಂದು ಸಣ್ಣ ದೀಪ ಹಾಕಿ ತೋರಿಸಿದಳು. ಕಪ್ಪೆ ಓದಲು ಅಷ್ಟು ಸಾಕು.

ಸೆಲ್ಲೋಟೇಪ್ ನೋಡಿ ಏನೂ ಅನ್ನಲಿಲ್ಲ. ಬರೀ ಉಸಿರು ಬಿಟ್ಟಳು.

ಪಠ್ಯಪುಸ್ತಕಗಳ ಎರಡು ಡಬ್ಬ ಬೇಡ ಅಂದರು. ವಾಪಸ್ ಕೊಡುವ ಸಾಲು, ಆರು ತಿಂಗಳ ಸಾಲು, "ನಮಗಿರುವ ಹಕ್ಕುಗಳನ್ನು", ಮನೆಗೊಂದು ಸ್ಕ್ಯಾನ್ ಪ್ರತಿ, ಎಲ್ಲ ಸೇರಿತು. ಆರು ತಿಂಗಳನ್ನು ಒಂಬತ್ತು ಮಾಡಿ ಅಂತ ಕೇಳಿದರು, ಒಪ್ಪಿದೆ. ಅಮ್ಮ ಎರಡು ರಾತ್ರಿ ಕೂತು ಫೋಟೋಗಳ ಹಿಂದೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ ಹೆಸರು ಬರೆದಿದ್ದಾರೆ. 118 ಫೋಟೋ. ಗೊತ್ತಿಲ್ಲದ ಕಡೆ "ಯಾರೋ, ಮದುವೆಗೆ ಬಂದವರು" ಅಂತ ಬರೆದಿದ್ದಾರೆ.

ಚಿಕ್ಕಪ್ಪ ಕೊನೆಯ ತನಕ ಮುಖ ಊದಿಸಿಕೊಂಡೇ ಇದ್ದರು. ಮೂರನೇ ಟ್ರಂಕಿನಲ್ಲಿ ಅವರು ಹಾಸ್ಟೆಲಿನಿಂದ ಅಜ್ಜನಿಗೆ ಬರೆದ ಒಂದು ಕಾಗದ ಸಿಕ್ಕಿತು. ಪುಸ್ತಕಕ್ಕೆ ದುಡ್ಡು ಕಳಿಸಿ ಅಂತ. ಕೆಳಗೆ ಅಜ್ಜನ ಕೆಂಪು ಶಾಯಿ: "ಈ ಪುಸ್ತಕ ಕಳೆದ ತಿಂಗಳೂ ಕೊಂಡಿದ್ದಾನೆ." ಲೈಬ್ರರಿಯ ಹುಡುಗಿಗೆ ಓದಿ ಹೇಳುತ್ತಿದ್ದೆ, ಚಿಕ್ಕಪ್ಪ ಕೈಯಿಂದ ಕಿತ್ತುಕೊಂಡರು. ತೆರೆಯಬಾರದ ಕಟ್ಟಿಗೆ ಇದನ್ನೂ ಸೇರಿಸುವುದಾದರೆ ಮಾತ್ರ ಸಹಿ ಹಾಕುತ್ತೇನೆ ಅಂದರು. ಎಷ್ಟು ವರ್ಷ ಅಂತ ಹುಡುಗಿ ಗಂಭೀರವಾಗಿ ಕೇಳಿದಳು. ನಲವತ್ತು ಅಂದರು. ಬರೆದುಕೊಂಡಳು.

ಗಾಡಿ ಬುಧವಾರ ಬರುತ್ತದೆ. ಟ್ರಂಕುಗಳನ್ನು ಹಾಗೇ ಒಯ್ಯುತ್ತಾರೆ, ಆಮೇಲೆ ಖಾಲಿ ಟ್ರಂಕು ವಾಪಸ್. ಹನ್ನೆರಡು ಲಕೋಟೆಗಳನ್ನು ಬೇರೆ ಬಿಳಿ ಹಾಳೆಯಲ್ಲಿ ಸುತ್ತಿ ಮೇಲಿಟ್ಟಿದ್ದೇನೆ.